ಶಕುನ ನೋಡುವ ಆಕಾಶದ ತುಂಡಿಗೆ ಕನ್ನಡದಲ್ಲಿ ಏನೆನ್ನಬೇಕು?

ಇಟಲಿಯ ವುಲ್ಚಿಯಲ್ಲಿ 1857ರಲ್ಲಿ ತೆರೆದ, ಎಟ್ರುಸ್ಕನ್ನರ (ರೋಮ್ ಬಲಿಯುವ ಮೊದಲೇ ಅಲ್ಲಿ ಬಾಳಿದ ಜನರ) ಗೋರಿಯೊಂದರ ಭಿತ್ತಿಚಿತ್ರಗಳ ಕುರಿತ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕ್ರಿಸ್ತಪೂರ್ವ 4ನೆಯ ಶತಮಾನದ ಚಿತ್ರಗಳು. ಒಂದರಲ್ಲಿ ವೆಲ್ ಸಾತಿಯೆಸ್ ಎಂಬ ಸಿರಿವಂತ ಚಿತ್ತಾರದ ಹೊದಿಕೆ ಹೊದ್ದು, ಕತ್ತೆತ್ತಿ ನಿಂತಿದ್ದಾನೆ. ಪಕ್ಕದಲ್ಲಿ ಅರ್ನ್‌ಜ ಎಂಬ ಕುಳ್ಳ ಸೇವಕನ ಕೈಯಲ್ಲಿ ದಾರ ಕಟ್ಟಿದ ಹಕ್ಕಿ. ಹಕ್ಕಿಯ ಹಾರಾಟದಲ್ಲಿ ಮುಂದಾಗುವುದನ್ನು ಓದುವ ದೃಶ್ಯವಿದು ಎಂಬುದು ಹಲವು ವಿದ್ವಾಂಸರ ವಿವರಣೆ.

ಈ ವಿದ್ಯೆಗೆ ‘ಶಕುನ’ ಎಂದು ಧೈರ್ಯವಾಗಿ ಬರೆದೆ. ಲ್ಯಾಟಿನ್ನಿನ ‘ಔಸ್ಪೆಕ್ಸ್’ ಎಂದರೆ ಹಕ್ಕಿ ನೋಡುವವನು; ಸಂಸ್ಕೃತದಲ್ಲಿ ‘ಶಕುನ’ ಎಂದರೂ ಹಕ್ಕಿಯೇ. ಬೆಕ್ಕು ಅಡ್ಡ ಬಂದರೂ ನಾವು ಅಪಶಕುನ ಎನ್ನುತ್ತೇವೆ, ಅದು ಬೇರೆ ಮಾತು! ‘ಕಣಿ’ಯೂ ಮನಸ್ಸಿಗೆ ಬಂದಿತ್ತು, ‘ಕಾಣು’ವಿನ ನಂಟಿರುವ ಚಂದದ ಪದ. ಆದರೆ ಅದನ್ನು ಬರೆದ ಕೂಡಲೇ ಕೊರವಂಜಿ ಬುಟ್ಟಿ ಹೊತ್ತು ಬಂದುಬಿಡುತ್ತಾಳೆ.

ನಾನು ಸಿಕ್ಕಿಕೊಂಡಿರುವುದು ‘ಟೆಂಪ್ಲಮ್’ ಎಂಬ ಲ್ಯಾಟಿನ್ ಪದದಲ್ಲಿ. ರೋಮಿನ ಶಕುನಿಗ ತುದಿ ಬಾಗಿದ ಕೋಲಿನಿಂದ ಆಕಾಶದಲ್ಲಿ ಎಲ್ಲೆ ಗುರುತಿಸಿ, ಅದರೊಳಗೆ ಸುಳಿದ ಹಕ್ಕಿಗಳನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದ. ಆ ಗುರುತಿಸಿದ ಜಾಗವೇ ಟೆಂಪ್ಲಮ್; ದೇವರ ಗುಡಿಯ ಕಟ್ಟಡಕ್ಕೆ ಆ ಹೆಸರು ಆಮೇಲೆ ಬಂತು. ಇಲ್ಲಿ ‘ದೇಗುಲ’ ಎಂದರೆ ಕೆಟ್ಟಿತು: ದೇಗುಲದಲ್ಲಿ ಮನೆಯಿದೆ, ಬಯಲಿಲ್ಲ. ‘ಮಂಡಲ’ ದುಂಡಗಾಯಿತು. ‘ಕ್ಷೇತ್ರ’ ಎಂದರೆ ಓದುಗರು ಯಾತ್ರೆಗೆ ಹೊರಡುತ್ತಾರೆ.

ಸದ್ಯಕ್ಕೆ ‘ಬಾನಂಕಣ’ ಎಂದು ಹಾಕಿದ್ದೇನೆ. ಹಳೆಯ ಮನೆಗಳಲ್ಲಿ ಕಂಬದಿಂದ ಕಂಬಕ್ಕೆ ಇರುವ ಜಾಗ ಅಂಕಣ. ಎಷ್ಟು ಅಂಕಣದ ಮನೆ ಎಂದು ಕೇಳುತ್ತಿದ್ದರಲ್ಲ, ಆ ಅರ್ಥದಲ್ಲಿ. ಅಳತೆಯೂ ಇದೆ, ತೆರವೂ ಇದೆ. ಪತ್ರಿಕೆಯ ಅಂಕಣವೇ ಮೊದಲು ನೆನಪಾಗುತ್ತದೆಯೇ ಎಂಬುದೊಂದೇ ಅಳುಕು.

ಇನ್ನೊಂದು ತೊಡಕು. ರೋಮನ್ನರಿಗೆ ಎಡಗಡೆಯ ಶಕುನ ಶುಭ, ಗ್ರೀಕರಿಗೆ ಬಲಗಡೆಯದು. ‘ಎಡವಟ್ಟು’ ಎನ್ನುವ ನುಡಿಯಲ್ಲಿ ‘ಹಕ್ಕಿ ಎಡಕ್ಕೆ ಹಾರಿತು, ಎಲ್ಲರೂ ಹಿಗ್ಗಿದರು’ ಎಂದು ಬರೆದರೆ ಅಚ್ಚಿನ ತಪ್ಪೆಂದೇ ತಿಳಿದಾರು. ಅಡಿಟಿಪ್ಪಣಿ ಹಾಕಲು ಮನಸ್ಸಿಲ್ಲ.

ನಿಮ್ಮ ಕಡೆ ಹಾಲಕ್ಕಿ ಶಕುನ ಕೇಳುವವರಿದ್ದರೆ, ಅವರು ಕಿವಿಗೊಟ್ಟು ನಿಲ್ಲುವ ಜಾಗಕ್ಕೋ ದಿಕ್ಕಿಗೋ ಹೆಸರಿದೆಯೇ? ಇದ್ದರೆ ಬಾನಂಕಣವನ್ನು ಇಂದೇ ಅಳಿಸುತ್ತೇನೆ.