ಅಪ್‌ಡೇಟ್: ಸೆನ್ಸರ್ ಆಗಾಗ ಮೌನವಾಗುತ್ತಿದ್ದ ಕಾರಣ ಸಿಕ್ಕಿತು

ಒಂದು ಮೀಟರ್ ವೈರಿನ ತುದಿಯಲ್ಲಿರುವ ಉಷ್ಣಾಂಶದ ಸೆನ್ಸರ್ ಆಗಾಗ ಉತ್ತರಿಸುವುದನ್ನೇ ನಿಲ್ಲಿಸುತ್ತಿದೆ, ಇದನ್ನು ಪತ್ತೆಹಚ್ಚಲು ಕಂಪ್ಯೂಟರಿಗೆ ಜೋಡಿಸುವ ಲಾಜಿಕ್ ಅನಲೈಸರ್ (ಡಿಜಿಟಲ್ ಸಂಕೇತಗಳನ್ನು ದಾಖಲಿಸುವ ಉಪಕರಣ) ಸಾಕೇ, ವೋಲ್ಟೇಜಿನ ಏರಿಳಿತವನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪೂ ಬೇಕೇ ಎಂದು ನಾನು ಕೇಳಿದ್ದೆ. ಕೊನೆಗೆ ಎರಡೂ ಬೇಕಾದವು.

ಎಂಟು ಚಾನೆಲ್‌ಗಳ, 24 ಮೆಗಾಹರ್ಟ್ಸ್‌ನ ಅಗ್ಗದ ಅನಲೈಸರನ್ನು ಪಲ್ಸ್‌ವ್ಯೂ ತಂತ್ರಾಂಶದೊಂದಿಗೆ ಬಳಸಿ ಐ-ಟು-ಸಿ (ಡೇಟಾ ಮತ್ತು ಕ್ಲಾಕ್ ಎಂಬ ಎರಡು ಲೈನುಗಳಲ್ಲಿ ಚಿಪ್ಪುಗಳು ಮಾತಾಡಿಕೊಳ್ಳುವ ವಿಧಾನ) ಸಂಕೇತಗಳನ್ನು ಬಿಡಿಸಿ ನೋಡಿದಾಗ, ವಿಳಾಸದ ಬೈಟ್ ಹೋದ ಮೇಲೆ ಸೆನ್ಸರಿನಿಂದ ಬರಬೇಕಾದ ಒಪ್ಪಿಗೆಯ ಬಿಟ್ ಕೆಲವೊಮ್ಮೆ ಬರುತ್ತಲೇ ಇಲ್ಲವೆಂಬುದು ಸ್ಪಷ್ಟವಾಯಿತು. ಏಕೆ ಎಂಬುದು ಮಾತ್ರ ಅದರಲ್ಲಿ ಕಾಣಲಿಲ್ಲ. ಅನಲೈಸರ್ ತೋರಿಸುವುದು ಸೊನ್ನೆ ಅಥವಾ ಒಂದನ್ನಷ್ಟೇ, ನಡುವಿನ ವೋಲ್ಟೇಜನ್ನಲ್ಲ.

ಗೆಳೆಯರೊಬ್ಬರಿಂದ ಯುಎಸ್‌ಬಿ ಆಸಿಲೋಸ್ಕೋಪನ್ನು ಎರವಲು ತಂದೆ. ನೆಟ್ಟಗೆ ಏರಬೇಕಾದ ಕ್ಲಾಕ್ ಅಲೆ ಬಿಲ್ಲಿನಂತೆ ಬಾಗಿ ನಿಧಾನವಾಗಿ ಮೇಲೇರುತ್ತಿತ್ತು: ಏರಿಕೆಗೆ ಸುಮಾರು 850 ನ್ಯಾನೋಸೆಕೆಂಡ್ ಹಿಡಿಯುತ್ತಿತ್ತು, 400 ಕಿಲೋಹರ್ಟ್ಸ್ ವೇಗದಲ್ಲಿ ಇರುವ ಮಿತಿ 300. ಸೆನ್ಸರ್ ಮಾಡ್ಯೂಲಿನಲ್ಲಿದ್ದ, ಲೈನನ್ನು ಮೇಲಿನ ವೋಲ್ಟೇಜಿಗೆ ಎಳೆಯುವ 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರಿಗೆ ಅಷ್ಟು ಉದ್ದದ ವೈರಿನ ಕೆಪಾಸಿಟೆನ್ಸನ್ನು (ವಿದ್ಯುದಾವೇಶ ಹಿಡಿದಿಡುವ ಗುಣ) ಬೇಗ ತುಂಬಿಸಲು ಆಗುತ್ತಿರಲಿಲ್ಲ. ಎರಡೂ ಲೈನುಗಳಿಂದ 3.3 ವೋಲ್ಟಿಗೆ 2.2 ಕಿಲೋಓಮ್ ರೆಸಿಸ್ಟರುಗಳನ್ನು ಬೆಸುಗೆ ಹಾಕಿದ ಮೇಲೆ ಏರಿಕೆಯ ಸಮಯ 150ರ ಆಸುಪಾಸಿಗೆ ಇಳಿಯಿತು. ನಾಲ್ಕು ದಿನಗಳಿಂದ ಒಂದು ರೀಡಿಂಗ್ ಕೂಡ ತಪ್ಪಿಲ್ಲ. ಪುಲ್‌ಅಪ್ ಪರೀಕ್ಷಿಸಿ ಎಂದು ಮೊದಲೇ ಸೂಚಿಸಿದವರಿಗೆ ನಾನು ನಿಜಕ್ಕೂ ಋಣಿ.

ಇಂಥ ಅಳತೆ ಮಾಡುವವರು ಪ್ರೋಬಿನ (ಲೈನಿಗೆ ತಾಗಿಸುವ ಆಸಿಲೋಸ್ಕೋಪಿನ ಕಡ್ಡಿ) ಸ್ವಿಚ್ಚನ್ನು ದಯವಿಟ್ಟು ಸಂಕೇತವನ್ನು ಹತ್ತನೇ ಒಂದಕ್ಕೆ ಇಳಿಸುವ 10ಎಕ್ಸ್‌ನಲ್ಲೇ ಇಡಿ. 1ಎಕ್ಸ್‌ನಲ್ಲಿ ಪ್ರೋಬಿನದೇ ಕೆಪಾಸಿಟೆನ್ಸ್ ಲೈನಿಗೆ ಸೇರಿಕೊಂಡು ಅಲೆಯನ್ನು ಇನ್ನಷ್ಟು ಬಾಗಿಸುತ್ತದೆ; ನನ್ನ ಮೊದಲ ಅಳತೆ ಹಾಗೆಯೇ ತಪ್ಪಾಗಿತ್ತು.