ಕಡಿಮೆ ಬೆಲೆಯ ಬುಕ್‌ಶೆಲ್ಫ್ ಸ್ಪೀಕರ್: ಕೊಟ್ಟ ದುಡ್ಡಿಗೆ ತಕ್ಕ ಮಾಲೇ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಹಾಡು ಕೇಳೋಕೆ, ಆಗಾಗ ಸಿನಿಮಾ ನೋಡೋಕೆ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ತಗೋಬೇಕು ಅಂತಿದ್ದೇನೆ. ಬಜೆಟ್ ಚಿಕ್ಕದು. ಎರಡು ಮಾಡೆಲ್ ಮನಸ್ಸಿನಲ್ಲಿವೆ. ಒಂದರ ಡಬ್ಬದ ಮೇಲೆ 300 ವ್ಯಾಟ್, 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಅಂತ ಇದೆ. ಇನ್ನೊಂದರಲ್ಲಿ 60 ವ್ಯಾಟ್, 58 ಹರ್ಟ್ಸ್‌ನಿಂದ 20,000 ಹರ್ಟ್ಸ್, ಪ್ಲಸ್ ಮೈನಸ್ 3 ಡೆಸಿಬೆಲ್ ಅಂತ ಇದೆ. ಎರಡಕ್ಕೂ ಬೆಲೆ ಹೆಚ್ಚುಕಮ್ಮಿ ಒಂದೇ, ವೂಫರ್ (ಬಾಸ್ ಹಾಡುವ ದೊಡ್ಡ ಭಾಗ) ಸೈಜೂ ಒಂದೇ, ಐದು ಇಂಚು. ಮೊದಲನೆಯದನ್ನು ತಗೊಂಡರೆ ಲಾಭ ಅಲ್ವಾ?

ಉತ್ತರ: ನಾನಾದರೆ ಎರಡನೆಯದನ್ನು ಮೊದಲು ಕೇಳಿ ನೋಡುತ್ತೇನೆ. ಅದರ ಅಂಕಿಗಳು ಚಿಕ್ಕವು, ಆದರೆ ಅವುಗಳಿಗೆ ಅರ್ಥವಿದೆ. ಹರ್ಟ್ಸ್ ಅಂದರೆ ಸ್ವರದ ಅಳತೆ, ಅಂಕಿ ಚಿಕ್ಕದಾದಷ್ಟು ಬಾಸ್ ಆಳ. ಡೆಸಿಬೆಲ್ ಅಂದರೆ ಜೋರಿನ ಅಳತೆ.

58 ಹರ್ಟ್ಸ್‌ನಿಂದ ಮೇಲಕ್ಕೆ ಶಬ್ದ 3 ಡೆಸಿಬೆಲ್‌ಗಿಂತ ಹೆಚ್ಚು ಏರುವುದಿಲ್ಲ, ಇಳಿಯುವುದೂ ಇಲ್ಲ ಎಂದು ಆ ಕಂಪನಿ ಬರೆದು ಕೊಟ್ಟಿದೆ. ಬೇಕಾದವರು ಅಳೆದು ನೋಡಬಹುದು. ಬರೀ '20 ಹರ್ಟ್ಸ್‌ನಿಂದ' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. 20 ಹರ್ಟ್ಸ್ ಬರುತ್ತದೆ ಸರಿ, ಎಷ್ಟು ಜೋರಾಗಿ? ಕಿವಿಗೇ ಕೇಳಿಸದಷ್ಟು ಸಣ್ಣಗೆ ಬಂದರೂ 'ಬರುತ್ತದೆ' ಎಂದು ಬರೆಯಬಹುದು.

ಐದು ಇಂಚಿನ ವೂಫರ್‌ನಿಂದ 20 ಹರ್ಟ್ಸ್ ಜೋರಾಗಿ ಬರಲಾರದು. ಶಬ್ದ ಅಷ್ಟೇ ಜೋರಾಗಿ ಬರಬೇಕು, ಸ್ವರ ಮಾತ್ರ ಒಂದು ಆಕ್ಟೇವ್ ಕೆಳಗಿಳಿಯಬೇಕು (ಹರ್ಟ್ಸ್ ಅರ್ಧ ಆಗಬೇಕು) ಅಂದರೆ ವೂಫರ್‌ನ ಕೋನ್ (ಅದುರಿ ಶಬ್ದ ಮಾಡುವ ಪೊರೆ) ನಾಲ್ಕು ಪಟ್ಟು ಹೆಚ್ಚು ಹಿಂದೆ ಮುಂದೆ ಚಲಿಸಬೇಕು. 80 ಹರ್ಟ್ಸ್‌ನಲ್ಲಿ ಅರ್ಧ ಮಿಲಿಮೀಟರ್ ಸಾಕಾದರೆ 40ರಲ್ಲಿ 2 ಮಿಲಿಮೀಟರ್ ಬೇಕು, 20ರಲ್ಲಿ 8 ಮಿಲಿಮೀಟರ್. ಅಗ್ಗದ ಸಣ್ಣ ವೂಫರ್‌ಗೆ ಅಷ್ಟು ಜಾಗವೇ ಇರುವುದಿಲ್ಲ. ಡಬ್ಬದಲ್ಲಿ ಪೋರ್ಟ್, ಅಂದರೆ ಗಾಳಿಯ ತೂತು, ಇದ್ದರೆ ಒಂದು ಹಂತದವರೆಗೆ ಅದು ಕೈ ಹಿಡಿಯುತ್ತದೆ. ಅದರ ಕೆಳಗೆ ಶಬ್ದ ದಿಢೀರನೆ ಬಿದ್ದುಹೋಗುತ್ತದೆ.

ನಮ್ಮ ಕಸುಬಿನಲ್ಲಿ ಹಾಫ್‌ಮನ್ ನಿಯಮ ಅಂತ ಒಂದಿದೆ. ಸಣ್ಣ ಡಬ್ಬ, ಆಳದ ಬಾಸ್, ಕಡಿಮೆ ಪವರ್‌ನಲ್ಲಿ ಜೋರು ಶಬ್ದ, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಮೂರನ್ನೂ ಕೊಡುತ್ತೇವೆ ಅನ್ನುವ ಡಬ್ಬವನ್ನು ನಂಬಬೇಡಿ. ಎಷ್ಟೇ ದುಬಾರಿ ಸ್ಪೀಕರ್ ಆದರೂ ಈ ನಿಯಮ ತಪ್ಪಿದ್ದಲ್ಲ.

ಪ್ರಶ್ನೆ: ಹಾಗಾದರೆ 300 ವ್ಯಾಟ್ ಅನ್ನೋದು?

ಉತ್ತರ: ಸ್ಪೀಕರ್ ಮೇಲೆ ಬರೆದಿರುವ ವ್ಯಾಟ್ ಅದು ಎಷ್ಟು ಪವರ್ ತಡೆದುಕೊಳ್ಳುತ್ತದೆ ಅನ್ನುವುದಕ್ಕೆ. ಎಷ್ಟು ಜೋರಾಗಿ ಹಾಡುತ್ತದೆ ಅನ್ನುವುದಕ್ಕಲ್ಲ. 'ಪಿಎಂಪಿಒ' ಅಥವಾ 'ಪೀಕ್' (ಕ್ಷಣಮಾತ್ರದ ಗರಿಷ್ಠ ಪವರ್) ಅಂತ ಇದ್ದರಂತೂ ಆ ಅಂಕಿಯನ್ನು ಮರೆತುಬಿಡಿ.

ನೋಡಬೇಕಾದದ್ದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವ ಲೆಕ್ಕ ಅದು. 84 ಡೆಸಿಬೆಲ್ ಸ್ಪೀಕರ್‌ಗೆ ಹೋಲಿಸಿದರೆ 87 ಡೆಸಿಬೆಲ್‌ದಕ್ಕೆ ಅರ್ಧ ಪವರ್ ಸಾಕು. ಮನೆಯಲ್ಲಿ ಮಾಮೂಲಿ ಜೋರಿನಲ್ಲಿ ಕೇಳುವಾಗ ಸರಾಸರಿ ಒಂದೆರಡು ವ್ಯಾಟ್ ಕೂಡ ಖರ್ಚಾಗುವುದಿಲ್ಲ. ಡ್ರಮ್ ಏಟು ಬಿದ್ದಾಗ, ಸಿನಿಮಾದಲ್ಲಿ ಸ್ಫೋಟ ಆದಾಗ ಮಾತ್ರ ಕ್ಷಣಕಾಲ ಜಾಸ್ತಿ ಬೇಕಾಗುತ್ತದೆ. ಇಂಪಿಡೆನ್ಸ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಅದನ್ನೂ ನೋಡಿ. ಸ್ಪೀಕರ್‌ಗೆ ಪವರ್ ಕೊಡುವ ಆಂಪ್ (ಆಂಪ್ಲಿಫೈಯರ್) ಸಣ್ಣದಿದ್ದರೆ 6 ಅಥವಾ 8 ಓಮ್ ಇರಲಿ. 4 ಓಮ್ ಆದರೆ ಆಂಪ್ ಅದನ್ನು ತಾಳುತ್ತದಾ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ಸರ್, ಅಂಗಡಿಯಲ್ಲಿ ಎರಡು ಸ್ಪೀಕರ್ ಪಕ್ಕಪಕ್ಕ ಹಾಕಿ ಕೇಳಿಸುತ್ತಾರೆ. ಯಾವಾಗಲೂ ಝಗಮಗ ಅನ್ನೋದೇ ಇಷ್ಟ ಆಗುತ್ತೆ. ಮನೆಗೆ ತಂದು ಎರಡು ದಿನ ಕೇಳಿದರೆ ತಲೆನೋವು. ಯಾಕೆ ಹೀಗೆ?

ಉತ್ತರ: ತುಂಬಾ ಜನಕ್ಕೆ ಹೀಗಾಗುತ್ತದೆ. ಇದಕ್ಕೆ ಎರಡು ಕಾರಣ.

ಒಂದು, ಸ್ವಲ್ಪ ಜೋರಾಗಿರುವುದೇ ನಮಗೆ ಚೆನ್ನಾಗಿ ಕೇಳಿಸುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸವನ್ನು ನಾವು 'ಇದು ಜೋರು' ಅಂತ ಗುರುತಿಸುವುದಿಲ್ಲ, 'ಇದರ ಕ್ವಾಲಿಟಿ ಮೇಲು' ಅಂದುಕೊಳ್ಳುತ್ತೇವೆ. ಹಾಗಾಗಿ ಹೋಲಿಸುವ ಮೊದಲು ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ಫೋನ್‌ನಲ್ಲಿ ಸೌಂಡ್ ಮೀಟರ್ ಆ್ಯಪ್ ಹಾಕಿ, ಕೂರುವ ಜಾಗದಲ್ಲಿ ಹಿಡಿದು, ಒಂದೇ ಪಿಂಕ್ ನಾಯ್ಸ್ (ಸುಯ್ ಅನ್ನುವ ಪರೀಕ್ಷೆಯ ಶಬ್ದ) ಬಿಟ್ಟು ವಾಲ್ಯೂಮ್ ಹೊಂದಿಸಿ. ಆ್ಯಪ್‌ನ ಅಂಕಿ ಕರಾರುವಾಕ್ಕಾಗಿ ಇರಬೇಕಿಲ್ಲ, ಎರಡಕ್ಕೂ ಒಂದೇ ತೋರಿಸಿದರೆ ಸಾಕು.

ಎರಡು, ತೀಕ್ಷ್ಣ ಸ್ವರಗಳನ್ನು ಬೇಕಂತಲೇ ಎತ್ತಿಟ್ಟ ಸ್ಪೀಕರ್ ಮೊದಲ ಐದು ನಿಮಿಷ ಕಿವಿ ಸೆಳೆಯುತ್ತದೆ. ಅದನ್ನು ಪತ್ತೆ ಹಚ್ಚಲು ಸಂಗೀತಕ್ಕಿಂತ ಮನುಷ್ಯರ ಮಾತು ಒಳ್ಳೆಯದು. ಹಿನ್ನೆಲೆ ಸಂಗೀತ ಇಲ್ಲದ ಗಂಡಸಿನ ಮಾತು, ಹೆಂಗಸಿನ ಮಾತು ಎರಡನ್ನೂ ಹಾಕಿ. ಡಬ್ಬದೊಳಗಿಂದ ಮಾತಾಡಿದ ಹಾಗಿದೆಯಾ? ಎದೆಯ ಭಾಗ ಊದಿಕೊಂಡಿದೆಯಾ? 'ಸ', 'ಶ' ಬಂದಾಗ ಚುಚ್ಚುತ್ತದಾ? ಮಾತು ಹೇಗಿರಬೇಕು ಅಂತ ನಮ್ಮ ಕಿವಿಗೆ ಹುಟ್ಟಿದಾಗಿನಿಂದ ಗೊತ್ತು, ಅಲ್ಲಿ ಅದಕ್ಕೆ ಮೋಸ ಮಾಡುವುದು ಕಷ್ಟ.

ಆಮೇಲೆ ಎದ್ದು ನಿಲ್ಲಿ. ಪಕ್ಕಕ್ಕೆ ಮೂರು ಹೆಜ್ಜೆ ಹೋಗಿ. ಶಬ್ದ ಸ್ವಲ್ಪ ಮಂಕಾದರೆ ಸಹಜ. ಅದರ ಗುಣವೇ ಬದಲಾಗಿ ಬೇರೆ ಸ್ಪೀಕರ್ ಥರ ಕೇಳಿಸಿದರೆ ವೂಫರ್ ಮತ್ತು ಟ್ವೀಟರ್ (ಮೇಲಿನ ಸ್ವರ ಹಾಡುವ ಚಿಕ್ಕ ಭಾಗ) ಸರಿಯಾಗಿ ಹೊಂದಿಲ್ಲ ಅಂತ ಅರ್ಥ. ಇದು ಯಾಕೆ ಮುಖ್ಯ ಅಂದರೆ, ನೀವು ಕೇಳುವುದರಲ್ಲಿ ದೊಡ್ಡ ಪಾಲು ಗೋಡೆ, ಚಾವಣಿಗಳಿಗೆ ಬಡಿದು ಬಂದ ಶಬ್ದ. ಪಕ್ಕಕ್ಕೆ ಹೋಗುವ ಶಬ್ದ ಕೆಟ್ಟಿದ್ದರೆ ಕೋಣೆ ಪೂರ್ತಿ ಕೆಟ್ಟದ್ದೇ ತುಂಬುತ್ತದೆ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಶಬ್ದವಿಜ್ಞಾನಿ ಫ್ಲಾಯ್ಡ್ ಟೂಲ್ ಅವರು ಪರದೆಯ ಹಿಂದೆ ಸ್ಪೀಕರ್ ಇಟ್ಟು ಜನರಿಗೆ ಕೇಳಿಸಿ ಪರೀಕ್ಷೆ ಮಾಡಿದ್ದರು. ಹೆಸರೂ ಅಂದವೂ ಕಾಣದಿದ್ದಾಗ, ನೇರಕ್ಕೂ ಪಕ್ಕಕ್ಕೂ ಏರುಪೇರಿಲ್ಲದೆ ಶಬ್ದ ಕೊಡುವ ಸ್ಪೀಕರನ್ನೇ ಹೆಚ್ಚಿನವರು ಮೆಚ್ಚಿದರು. ಅಗ್ಗದ ಸ್ಪೀಕರ್ ಕೂಡ ಈ ಪರೀಕ್ಷೆಯಲ್ಲಿ ಗೆಲ್ಲಬಹುದು ಅನ್ನುವುದೇ ನನಗೆ ಇದರಲ್ಲಿ ಬಹಳ ಇಷ್ಟವಾದ ವಿಷಯ.

ಪ್ರಶ್ನೆ: ಒಳಗೆ ಏನಿದೆ ಅಂತ ನೋಡಿ ಬೆಲೆ ಕಟ್ಟಬಹುದಾ?

ಉತ್ತರ: ಖಂಡಿತ. ಹಿಂದೆ ವೈರ್ ಸಿಕ್ಕಿಸುವ ತಟ್ಟೆ ಇರುತ್ತದಲ್ಲ, ಹೆಚ್ಚಾಗಿ ಅದರ ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗಿನ ಕ್ರಾಸೋವರ್, ಅಂದರೆ ವೂಫರ್‌ಗೂ ಟ್ವೀಟರ್‌ಗೂ ಸ್ವರ ಹಂಚುವ ಸರ್ಕ್ಯೂಟ್, ಕಾಣುತ್ತದೆ. (ಹೊಸದನ್ನು ಬಿಚ್ಚಬೇಡಿ, ವಾರಂಟಿ ಹೋದೀತು. ಬಿಚ್ಚಿ ತೋರಿಸಿದ ಫೋಟೋ, ವಿಡಿಯೊ ಹುಡುಕಿ.) ತೀರಾ ಕಳಪೆಯದರಲ್ಲಿ ಟ್ವೀಟರ್ ವೈರಿಗೆ ಬೆರಳ ತುದಿಯಷ್ಟು ದೊಡ್ಡ ಒಂದೇ ಒಂದು ಕೆಪಾಸಿಟರ್ ಬೆಸುಗೆ ಹಾಕಿರುತ್ತಾರೆ, ಅಷ್ಟೇ. ವೂಫರ್‌ಗೆ ಏನೂ ಇಲ್ಲ, ನೇರ ವೈರ್. ಹಾಗಾದಾಗ ವೂಫರ್ ತನಗೆ ಬಾರದ ಮೇಲಿನ ಸ್ವರಗಳನ್ನೂ ಹಾಡಲು ಹೋಗುತ್ತದೆ, ಕೋನ್ ಒಂದೇ ಸಮನೆ ಚಲಿಸದೆ ಅಲ್ಲಲ್ಲೇ ನಡುಗುತ್ತದೆ, ಮಾತು ಒರಟಾಗುತ್ತದೆ. ಸರಿಯಾಗಿ ಮಾಡಿದ್ದರಲ್ಲಿ ಸಣ್ಣ ಬೋರ್ಡ್ ಇರುತ್ತದೆ. ಅದರ ಮೇಲೆ ತಾಮ್ರದ ಸುರುಳಿ ಒಂದೆರಡು, ಕೆಪಾಸಿಟರ್, ಒಂದೋ ಎರಡೋ ರೆಸಿಸ್ಟರ್. 2,000ದಿಂದ 3,000 ಹರ್ಟ್ಸ್ ಆಸುಪಾಸಿನಲ್ಲಿ ವೂಫರ್ ಕೆಲಸ ಮುಗಿಸಿ ಟ್ವೀಟರ್‌ಗೆ ಒಪ್ಪಿಸುವಂತೆ ನೋಡಿಕೊಳ್ಳುವುದು ಇದೇ.

ಡಬ್ಬದ ಪಕ್ಕಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. 'ಟಕ್' ಅಂತ ಅಲ್ಲೇ ನಿಂತರೆ ಒಳ್ಳೆಯದು. 'ಡೋಂ' ಅಂತ ಎಳೆದರೆ ಒಳಗೆ ಆಸರೆ ಕಡಿಮೆ, ಆ ಡಬ್ಬವೂ ಹಾಡಿನ ಜೊತೆ ಹಾಡುತ್ತದೆ.

ಮತ್ತೊಬ್ಬರು: ನಮ್ಮ ಮನೆಯಲ್ಲಿ ಈಗಾಗಲೇ ಒಂದು ಜೊತೆ ಇದೆ. ಬಾಸ್ ಗುಂಯ್ ಅನ್ನುತ್ತೆ, ಡೈಲಾಗ್ ಸ್ಪಷ್ಟ ಇಲ್ಲ. ಮಾರಿಬಿಡಲಾ?

ಉತ್ತರ: ಈಗಲೇ ಬೇಡ. ಎಲ್ಲಿಟ್ಟಿದ್ದೀರಿ ಅಂತ ಮೊದಲು ಹೇಳಿ. ಪುಸ್ತಕದ ಕಪಾಟಿನೊಳಗೆ ತುರುಕಿದ್ದರೆ, ಮೂಲೆಯಲ್ಲಿ ಇಟ್ಟಿದ್ದರೆ ಹೀಗಾಗುವುದು ಸಾಮಾನ್ಯ. ಹತ್ತಿರದ ಪ್ರತಿ ಗೋಡೆಯೂ ಬಾಸನ್ನು ಎತ್ತಿ ಕೊಡುತ್ತದೆ.

ಹಿಂದಿನ ಗೋಡೆಯಿಂದ ಒಂದಡಿ ಮುಂದೆ ತನ್ನಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಎರಡು ಸ್ಪೀಕರ್ ಮತ್ತು ನೀವು ಸೇರಿ ಹೆಚ್ಚುಕಮ್ಮಿ ಸಮಬಾಹು ತ್ರಿಕೋನ ಆಗಲಿ. ನಿಮ್ಮ ಬೆನ್ನು ಗೋಡೆಗೆ ಅಂಟಿದ್ದರೆ ಕುರ್ಚಿಯನ್ನೂ ಮುಂದಕ್ಕೆ ಎಳೆಯಿರಿ. ಕೋಣೆ 4 ಮೀಟರ್ ಉದ್ದ ಇದ್ದರೆ ಸುಮಾರು 43 ಮತ್ತು 86 ಹರ್ಟ್ಸ್‌ನಲ್ಲಿ ಶಬ್ದ ಗೋಡೆಯಿಂದ ಗೋಡೆಗೆ ತೂಗಾಡುತ್ತದೆ, ಗೋಡೆಯ ಬುಡದಲ್ಲೇ ಅದು ಅತಿ ಜೋರು. ಜಾಗವೇ ಇಲ್ಲ ಅಂದರೆ ಹಿಂದಿನ ಪೋರ್ಟ್‌ಗೆ ಒಂದು ಕಾಲುಚೀಲ ಸುತ್ತಿ ತುರುಕಿ ನೋಡಿ. ಗುಂಯ್ ಅನ್ನುವುದು ಕಡಿಮೆಯಾಗುತ್ತದೆ, ಡೈಲಾಗ್ ತಾನಾಗೇ ಬಿಡಿಸಿಕೊಳ್ಳುತ್ತದೆ. ಇದಕ್ಕೆಲ್ಲ ಖರ್ಚಿಲ್ಲ. ಎರಡು ಪಟ್ಟು ಬೆಲೆಯ ಸ್ಪೀಕರ್ ತಂದು ಅದೇ ಮೂಲೆಯಲ್ಲಿ ಇಟ್ಟರೆ ಅದೇ ಗುಂಯ್.

ಪ್ರಶ್ನೆ: ಆಂಪ್ ಒಳಗೇ ಇರುವ ಪವರ್ಡ್ ಸ್ಪೀಕರ್ ಒಳ್ಳೆಯದಾ?

ಉತ್ತರ: ಒಟ್ಟು ಖರ್ಚು ನೋಡಿದರೆ ಹೆಚ್ಚಾಗಿ ಅದೇ ಅಗ್ಗ. ಬೇರೆ ಆಂಪ್ ಬೇಡ, ದಪ್ಪ ವೈರ್ ಬೇಡ, ಟಿವಿಗೆ ನೇರ ಸಿಕ್ಕಿಸಬಹುದು. ಆದರೆ ಒಳಗಿನ ಬೋರ್ಡ್ ಸುಟ್ಟರೆ ಇಡೀ ಜೊತೆಯೇ ಮೂಲೆಗೆ. ಬಿಡಿ ಸ್ಪೀಕರ್ ಆದರೆ ಆಂಪ್ ಕೆಟ್ಟರೂ ಸ್ಪೀಕರ್ ಉಳಿಯುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಬಿಡಿಯಾಗಿಯೇ ತಗೊಳ್ಳಿ ಅನ್ನುತ್ತೇನೆ.

ಪ್ರಶ್ನೆ: ಕೊನೆಯದು ಸರ್. ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯದು ಸಿಗುತ್ತೆ ಅಂತಾರೆ.

ಉತ್ತರ: ನಿಜ, ಸಿಗುತ್ತದೆ. ಸ್ಪೀಕರ್ ಫೋನ್ ಥರ ಬೇಗ ಹಳೆಯದಾಗುವ ವಸ್ತು ಅಲ್ಲ. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರ್‌ಗಳು ಪ್ರಸಾರದ ವ್ಯಾನ್‌ನಂಥ ಇಕ್ಕಟ್ಟಿನ ಜಾಗಕ್ಕೆ ಅಂತ ಮಾಡಿದ ಎಲ್ಎಸ್3/5ಎ ಅನ್ನುವ ಪುಟ್ಟ ಸ್ಪೀಕರನ್ನು ಜನ ಇವತ್ತಿಗೂ ಹುಡುಕುತ್ತಾರೆ. ಅದರಲ್ಲಿ ಇರುವುದೂ ಐದು ಇಂಚಿನ ವೂಫರ್. ಆಳದ ಬಾಸ್ ಬಿಟ್ಟುಕೊಟ್ಟು, ಮಾತು ಮಾತಿನ ಹಾಗೇ ಕೇಳಬೇಕು ಅಂತ ಪಟ್ಟು ಹಿಡಿದು ಮಾಡಿದ ಕೆಲಸ ಅದು.

ಹಳೆಯದು ನೋಡಲು ಹೋದಾಗ ಮುಂದಿನ ಬಟ್ಟೆಯ ಗ್ರಿಲ್ ತೆಗೆಸಿ. ಕೋನ್ ಸುತ್ತಲಿನ ಉಂಗುರ ರಬ್ಬರ್‌ದಾ, ಫೋಮ್‌ದಾ ನೋಡಿ. ರಬ್ಬರ್ ಬಹುಕಾಲ ಬಾಳುತ್ತದೆ. ಫೋಮ್ ವರ್ಷ ಕಳೆದಂತೆ ಪುಡಿಯಾಗುತ್ತದೆ, ಮೆಲ್ಲಗೆ ಮುಟ್ಟಿದರೆ ಬೆರಳಿಗೆ ಅಂಟಿ ಬರುತ್ತದೆ. ಉಂಗುರ ಬದಲಾಯಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆಮೇಲೆ ಎರಡು ಕೈಯ ಬೆರಳುಗಳನ್ನು ಕೋನ್ ಮೇಲೆ ಎದುರುಬದುರು ಇಟ್ಟು, ಸಮನಾಗಿ, ಬಹಳ ಹಗುರಾಗಿ ಒಳಕ್ಕೆ ಒತ್ತಿ. ಸದ್ದಿಲ್ಲದೆ ಹೋಗಿ ಬರಬೇಕು. ಕರಕರ ಅಂದರೆ ಒಳಗಿನ ಕಾಯಿಲ್ ಮ್ಯಾಗ್ನೆಟ್‌ಗೆ ಉಜ್ಜುತ್ತಿದೆ, ಅಂಥದ್ದನ್ನು ಬಿಟ್ಟುಬಿಡಿ. ಟ್ವೀಟರ್‌ಗೆ ಮಾತ್ರ ಕೈ ಹಚ್ಚಬೇಡಿ. ಹಾಡು ಸಣ್ಣಗೆ ಬಿಟ್ಟು ಎರಡರ ಟ್ವೀಟರ್‌ಗೂ ಒಂದೊಂದಾಗಿ ಕಿವಿ ಹತ್ತಿರ ಒಯ್ಯಿರಿ. ಒಂದು ಸುಮ್ಮನಿದ್ದರೆ ಅದು ಸುಟ್ಟಿರುವ ಸಂಭವವೇ ಜಾಸ್ತಿ. ಅದೇ ಮಾಡೆಲ್‌ನ ಟ್ವೀಟರ್ ಈಗಲೂ ಸಿಗುತ್ತದಾ ಅಂತ ವಿಚಾರಿಸಿಕೊಂಡ ಮೇಲೆಯೇ ದುಡ್ಡಿನ ಮಾತು ಆಡಿ.