ಸ್ಟ್ಯಾಂಡ್‌ಅಪ್ ಜೆಟ್ ಸ್ಕೀ ಥ್ರಾಟಲ್ ಕೊಟ್ರೆ ಉಸಿರು ಕಟ್ತಿದೆ, ದಾವಣಗೆರೆಲೇ ಪೂರ್ತಿ ಟ್ಯೂನ್ ಮಾಡ್ಬೋದಾ?

ಆರ್‌ಎಕ್ಸ್_ದಾವಣಗೆರೆ
ನಮಸ್ಕಾರ್ರಿ ಎಲ್ರಿಗೂ. ನಂದು ಟೂ ಸ್ಟ್ರೋಕ್ ಗಾಡಿ ಗ್ಯಾರೇಜು, ಆರ್‌ಎಕ್ಸ್ 100, ಯೆಜ್ಡಿ ಇಂಥವೇ ಜಾಸ್ತಿ. ಈಗ ಮಲ್ಪೆಲಿರೋ ಸಂಬಂಧಿಕರೊಬ್ರು ಹಳೇ ಯಮಹಾ ಸೂಪರ್‌ಜೆಟ್ ತಂದು ಇಳಿಸಿದಾರೆ, ನಿಂತ್ಕೊಂಡು ಓಡಿಸೋದು, 701 ಸಿಸಿ, ಎರಡು ಸಿಲಿಂಡರ್, ಎರಡು 38 ಮಿಕುನಿ ಕಾರ್ಬೊರೇಟರ್. ಗ್ಯಾರೇಜಲ್ಲೇ ಎಂಜಿನ್ ತಣ್ಣಗಿರೋಕೆ ಪೈಪ್ ನೀರು ಕೊಟ್ಟು ಓಡಿಸಿದ್ರೆ ಐಡಲ್ ನಿಲ್ಲುತ್ತೆ, ತಟ್ಟನೆ ಥ್ರಾಟಲ್ ಒತ್ತಿದ್ರೆ ಉಸಿರು ಕಟ್ಟಿ ಆಮೇಲೆ ಏರುತ್ತೆ, ಬಿಟ್ರೆ ಆರ್‌ಪಿಎಂ ಕೂಡ್ಲೇ ಇಳಿಯಲ್ಲ, ಸ್ವಲ್ಪ ಹೊತ್ತು ಮೇಲೇ ನಿಂತಿರುತ್ತೆ. ಪ್ಲಗ್ ಎರಡೂ ಬೆಳ್ಳಗಿದಾವೆ, ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ ಅನ್ಸುತ್ತೆ. ಕಂಪ್ರೆಷನ್ ಎರಡರಲ್ಲೂ ಸಮ ಐತೆ. ಪೈಲಟ್ ಜೆಟ್ (ಕಾರ್ಬೊರೇಟರಲ್ಲಿ ಕಮ್ಮಿ ಥ್ರಾಟಲಿಗೆ ಪೆಟ್ರೋಲ್ ಬಿಡೋ ಸಣ್ಣ ತೂತಿನ ಬಿಡಿಭಾಗ) ಒಂದು ಸೈಜ್ ದೊಡ್ಡದು ಹಾಕ್ಲಾ? ಟೆಸ್ಟಿಗೆ ಸೂಳೆಕೆರೆಗೋ ವಾಣಿ ವಿಲಾಸಕ್ಕೋ ಒಯ್ಯೋಣ ಅಂತಿದೀನಿ.

ಕಾರವಾರ_ಮರೈನ್
ಅಣ್ಣ, ಜೆಟ್ ಈಗ್ಲೇ ಮುಟ್ಬೇಡಿ. ಆರ್‌ಪಿಎಂ ಮೇಲೇ ನಿಲ್ಲೋದು ಅಂದ್ರೆ ಎಲ್ಲೋ ಗಾಳಿ ಎಳೀತಿದೆ ಅಂತ ಮೊದಲ ಅನುಮಾನ ಬರ್ಬೇಕು, ಕ್ರ್ಯಾಂಕ್ ಸೀಲೋ, ರೀಡ್ (ಗಾಳಿ-ಪೆಟ್ರೋಲ್ ಒಳಗೆ ಬಿಡೋ ವಾಲ್ವ್) ಹತ್ರ ಗ್ಯಾಸ್ಕೆಟ್ಟೋ. ದೊಡ್ಡ ಜೆಟ್ ಹಾಕಿದ್ರೆ ಲಕ್ಷಣ ಮುಚ್ಚುತ್ತೆ, ಲೀಕ್ ಬೆಳೀತಾ ಹೋಗಿ ಒಂದಿನ ಫುಲ್ ಥ್ರಾಟಲಲ್ಲಿ ಪಿಸ್ಟನ್ ಹಿಡ್ಕೊಳುತ್ತೆ, ಅದೂ ದಡದಿಂದ ದೂರ. ಕಾರ್ಬೊರೇಟರ್ ಬಿಚ್ಚಿ ಆ ಜಾಗಕ್ಕೆ ಪ್ಲೇಟ್ ಹಾಕಿ, ಎಕ್ಸಾಸ್ಟ್ ಮುಚ್ಚಿ, ಫ್ಯುಯೆಲ್ ಪಂಪಿಗೆ ಹೋಗೋ ಪಲ್ಸ್ ನಳಿಕೆನೂ ಮುಚ್ಚಿ, ಒಳಗೆ 7-8 ಪಿಎಸ್ಐ ಗಾಳಿ ತುಂಬಿ ಸೋಪು ನೀರು ಹಚ್ಚಿ ನೋಡಿ. ಜಾಸ್ತಿ ಪ್ರೆಷರ್ ಕೊಟ್ರೆ ಸೀಲೇ ಎದ್ದುಬಿಡುತ್ತೆ, ಹುಷಾರು.

ಇನ್ನೊಂದು, ಇದು ಆರ್‌ಎಕ್ಸ್ ಕಾರ್ಬೊರೇಟರ್ ತರ ಅಲ್ಲ, ಫ್ಲೋಟ್ ಇರಲ್ಲ. ಗಾಡಿ ಮಗುಚಿದ್ರೂ ಪೆಟ್ರೋಲ್ ಚೆಲ್ಬಾರ್ದಲ್ವಾ, ಅದಕ್ಕೆ ಡಯಾಫ್ರಾಂ, ಅಂದ್ರೆ ಬಗ್ಗೋ ತೆಳು ಪೊರೆ. ಹಳೇದಾದ್ರೆ ಅದು ಗಟ್ಟಿಯಾಗಿ, ಥ್ರಾಟಲ್ ಕೊಟ್ಟ ಕ್ಷಣ ಪೆಟ್ರೋಲ್ ಹಿಂದೆ ಬೀಳುತ್ತೆ. ಕಿಟ್ ಹೊಸದು ಹಾಕಿ.

ಪೈಪ್ ನೀರಲ್ಲಿ ನೋಡಿದ ಪ್ಲಗ್ ಬಣ್ಣ ಲೆಕ್ಕಕ್ಕೇ ತಗೋಬೇಡಿ, ಲೋಡೇ ಇರಲ್ಲ ಅಲ್ಲಿ.

ಕೋಟೆನಾಡು_ಟ್ಯೂನರ್
ಮೇಲಿನೋರು ಹೇಳಿದ್ದು ಸರಿ. ನಾನು ಹೇಳೋದು ಆಮೇಲಿನ ಮಾತು. ಗುರು, ದಾವಣಗೆರೆ ಸಮುದ್ರ ಮಟ್ಟಕ್ಕಿಂತ ಹತ್ರತ್ರ 600 ಮೀಟರ್ ಮೇಲೈತೆ, ಇಲ್ಲಿ ಗಾಳಿ ತೆಳು. ಇಲ್ಲಿ ಕರೆಕ್ಟಾಗಿ ಕೂರಿಸಿದ ಜೆಟ್ಟು ಮಲ್ಪೆಗೆ ಇಳಿದ್ರೆ ಲೀನ್ ಕಡೆ ಹೋಗುತ್ತೆ, ಗಾಳಿ ದಪ್ಪ ಆಯ್ತು, ಪೆಟ್ರೋಲ್ ಅಷ್ಟೇ ಉಳೀತು. ಅದರ ಮೇಲೆ ಈಗ ಬಂಕಲ್ಲಿ ಸಿಗೋದು ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್), ಎಥನಾಲ್ ಇದ್ದಷ್ಟೂ ಅದೇ ಜೆಟ್ಟಲ್ಲಿ ಇನ್ನೂ ಲೀನು. ಎರಡೂ ಒಂದೇ ಕಡೆ ಎಳೀತಾವೆ, ಟೂ ಸ್ಟ್ರೋಕಲ್ಲಿ ಆ ಕಡೆ ತಪ್ಪೋದು ತುಂಬ ಕೆಟ್ಟದು. ಹಾಗಾಗಿ ಇಲ್ಲಿ ಲೀಕು, ಡಯಾಫ್ರಾಂ, ಇಗ್ನಿಷನ್ ಮುಗಿಸಿ, ಜೆಟ್ ಒಂದು ಕೈ ರಿಚ್ (ಪೆಟ್ರೋಲ್ ಜಾಸ್ತಿ) ಇಟ್ಟು ಕಳ್ಸಿ, ಮಿಕ್ಕ ಟ್ಯೂನಿಂಗ್ ಮಲ್ಪೆ ನೀರಲ್ಲೇ ಆಗ್ಲಿ. ಆಯಿಲ್ 50ಕ್ಕೆ 1, ಲೀಟರಿಗೆ 20 ಎಂಎಲ್, ಎಥನಾಲ್ ನೀರು ಎಳ್ಕೊಳುತ್ತೆ, ಅದಕ್ಕೆ ಕಲಸಿದ ಪೆಟ್ರೋಲ್ ಟ್ಯಾಂಕಲ್ಲಿ ತಿಂಗಳುಗಟ್ಲೆ ಬಿಡ್ಬೇಡಿ.

ಅಲ್ಲಿ ಎಂಜಿನ್ ಕಿರುಚುತ್ತೆ, ಗಾಡಿ ಮುಂದೆ ಹೋಗಲ್ಲ ಅಂದ್ರೆ ಕಾರ್ಬೊರೇಟರ್ ಬೈಯ್ಬೇಡಿ, ನೀರು ತಳ್ಳೋ ಇಂಪೆಲ್ಲರ್‌ಗೂ ಅದರ ಸುತ್ತ ಇರೋ ವೇರ್ ರಿಂಗ್‌ಗೂ ನಡುವಿನ ಗ್ಯಾಪ್ ಅಳೀರಿ.

ಚನ್ನಗಿರಿ_ತೋಟ
ಸೂಳೆಕೆರೆಗೆ ದಯವಿಟ್ಟು ತರ್ಬೇಡಿ ಅಣ್ಣ. ಚಿತ್ರದುರ್ಗಕ್ಕೆ ಕುಡಿಯೋ ನೀರು ಹೋಗೋದು ಇದ್ರಿಂದ, ವಾಣಿ ವಿಲಾಸನೂ ಹಿರಿಯೂರು ಕಡೆಯೋರು ಕುಡಿಯೋ ನೀರೇ. ಟೂ ಸ್ಟ್ರೋಕಲ್ಲಿ ಸುಡದೇ ಉಳಿದ ಆಯಿಲ್ಲು ಸೀದಾ ನೀರಿಗೇ ಬೀಳುತ್ತೆ. ತೋಟದ ಕೃಷಿ ಹೊಂಡನೂ ಬೇಡ, ತಳದ ಟಾರ್ಪಾಲ್ ಪಂಪಿಗೆ ಎಳ್ಕೊಂಡ್ರೆ ಎರಡೂ ಹಾಳು.

ಪೈಪ್ ಕೊಡುವಾಗ ಎಂಜಿನ್ ಮೊದ್ಲು, ನೀರು ಆಮೇಲೆ. ನಿಲ್ಲಿಸುವಾಗ ನೀರು ಮೊದ್ಲು ಬಂದ್ ಮಾಡಿ, ಒಂದೆರಡು ಸಲ ರೇಸ್ ಮಾಡಿ ಎಂಜಿನ್ ಆಫ್. ಎಂಜಿನ್ ನಿಂತಿದ್ದಾಗ ನೀರು ಬಿಟ್ರೆ ಎಕ್ಸಾಸ್ಟಿಂದ ಸಿಲಿಂಡರಿಗೇ ಬರುತ್ತೆ. ಉಪ್ಪು ನೀರಲ್ಲಿ ಓಡಿದ ದಿನಾನೇ ಹಿಂಗೆ ಸಿಹಿ ನೀರಲ್ಲಿ ತೊಳೀಬೇಕು ಅಂತ ಮಲ್ಪೆಯೋರಿಗೂ ಹೇಳಿ.

ಆರ್‌ಎಕ್ಸ್_ದಾವಣಗೆರೆ
ಗಾಳಿ ತುಂಬಿ ನೋಡ್ದೆ, ಕ್ರ್ಯಾಂಕ್ ಸೀಲ್ ಚೆನ್ನಾಗೈತೆ, ರೀಡ್ ಬ್ಲಾಕ್ ಗ್ಯಾಸ್ಕೆಟ್ ಹತ್ರ ಗುಳ್ಳೆ ಬಂತು. ಬದಲಾಯ್ಸಿದ ಮೇಲೆ ಆರ್‌ಪಿಎಂ ತಕ್ಷಣ ಇಳೀತಿದೆ, ಉಸಿರು ಕಟ್ಟೋದು ಇನ್ನೂ ಚೂರು ಉಳಿದಿದೆ. ಡಯಾಫ್ರಾಂ ಕಿಟ್ ಆರ್ಡರ್ ಹಾಕಿದೀನಿ. ಕೆರೆ ಯೋಚ್ನೆ ಬಿಟ್ಟೆ, ಜೆಟ್ ಸೆಟ್ ತಗೊಂಡು ನಾನೇ ಮಲ್ಪೆಗೆ ಹೋಗ್ತೀನಿ. ಅಲ್ಲಿ ಪ್ಲಗ್ ನೋಡೋದು ಹೆಂಗೆ?

ಕಾರವಾರ_ಮರೈನ್
ಹೊಸ ಪ್ಲಗ್ ಹಾಕಿ, ಅಲೆ ಇಲ್ಲದ ಕಡೆ ಫುಲ್ ಥ್ರಾಟಲಲ್ಲಿ ಎಳೆದು, ಥ್ರಾಟಲ್ ಬಿಡದೇನೇ ಕೈಗೆ ಕಟ್ಟಿದ ಕಿಲ್ ದಾರ ಕಿತ್ತು ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡಿದ್ರೆ ಬಣ್ಣ ಕೆಡುತ್ತೆ, ಅದಕ್ಕೆ ದಡಕ್ಕೆ ಎಳ್ಕೊಂಡು ಬರೋಕೆ ಜೊತೆಗೊಂದು ಬೋಟ್ ಇಟ್ಕೊಳ್ಳಿ. ಲೈಫ್ ಜಾಕೆಟ್ ಹಾಕೇ ಇಳೀರಿ.